‘ಫಜಿ’ ಎಂಬ ಪದದ ಪಯಣ

ಬಟ್ಟೆ ಒಗೆಯುವ ಯಂತ್ರದ ಮೇಲೆ ‘ಫಜಿ ಲಾಜಿಕ್’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಲಾಜಿಕ್ ಎಂದರೆ ತರ್ಕ. ಆದರೆ ಇಂಗ್ಲಿಷಿನಲ್ಲಿ ಫಜಿ ಎಂಬುದು ಹೊಗಳಿಕೆಯ ಮಾತೇನಲ್ಲ. ಹದಿನೇಳನೆಯ ಶತಮಾನದಲ್ಲಿ ಅದಕ್ಕೆ ಸ್ಪಂಜಿನಂತೆ ಮೆತ್ತಗಿರುವುದು ಎಂಬ ಅರ್ಥವಿತ್ತು. ಮುಂದೆ ನವಿರಾದ ಕೂದಲಿರುವುದು ಎಂದಾಯಿತು. ಕೂದಲು ಮುಚ್ಚಿದ ವಸ್ತುವಿನ ಅಂಚು ನಿಚ್ಚಳವಾಗಿ ಕಾಣುವುದಿಲ್ಲವಷ್ಟೆ? ಮಸುಕಾದ ಚಿತ್ರಕ್ಕೂ ಗೊಂದಲದ ಯೋಚನೆಗೂ ಅದೇ ಪದ ಅಂಟಿಕೊಂಡಿತು.

ಇಂಥ ಪದವನ್ನು ಗಣಿತಕ್ಕೆ ತಂದವರು ಲಾಟ್ಫಿ ಝಾಡೆ (1921–2017). ಬಾಕು ನಗರದಲ್ಲಿ ಹುಟ್ಟಿ, ಟೆಹರಾನಿನಲ್ಲಿ ಓದಿ, ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದ ಅವರು 1965ರಲ್ಲಿ ‘ಫಜಿ ಸೆಟ್ಸ್’ ಎಂಬ ಲೇಖನವನ್ನು ಪ್ರಕಟಿಸಿದರು. ‘ಎತ್ತರದವರು’ ಎಂಬ ಗಣವನ್ನೇ ತೆಗೆದುಕೊಳ್ಳಿ. 180 ಸೆಂಟಿಮೀಟರ್ ಇದ್ದವನು ಎತ್ತರದವನಾದರೆ 179 ಇದ್ದವನು ಕುಳ್ಳನೇ? ಹಳೆಯ ಗಣಸಿದ್ಧಾಂತದಲ್ಲಿ ಒಳಗೆ ಅಥವಾ ಹೊರಗೆ, ಎರಡೇ ಉತ್ತರ. ಝಾಡೆ 0 ಮತ್ತು 1ರ ನಡುವಿನ ಎಲ್ಲ ಅಂಕಿಗಳಿಗೂ ಬಾಗಿಲು ತೆರೆದರು. ಇವನು 0.9ರಷ್ಟು ಎತ್ತರದವನು ಎನ್ನಬಹುದು. ಇದು ಸಂಭವನೀಯತೆಯಲ್ಲ, ಗಮನಿಸಿ. ಅವನ ಎತ್ತರ ನಮಗೆ ಖಚಿತವಾಗಿ ಗೊತ್ತಿದೆ. ಮಸುಕಾಗಿರುವುದು ‘ಎತ್ತರ’ ಎಂಬ ಪದದ ಎಲ್ಲೆ, ಗಣಿತವಲ್ಲ.

ಆದರೂ ಹೆಸರೇ ಮುಳುವಾಯಿತು. ಗೊಂದಲದ ತರ್ಕವೆಂದು ಹಲವರು ಮೂಗು ಮುರಿದರು. ನಿಯಂತ್ರಣ ಸಿದ್ಧಾಂತದ ಹಿರಿಯ ವಿದ್ವಾಂಸ ರುಡಾಲ್ಫ್ ಕಾಲ್ಮನ್ 1972ರಲ್ಲಿ ಬಹಿರಂಗವಾಗಿಯೇ ಟೀಕಿಸಿದರು. ಉತ್ತರ ಬಂದದ್ದು ಪ್ರಯೋಗಶಾಲೆಯಿಂದ. ಎಪ್ಪತ್ತರ ದಶಕದಲ್ಲಿ ಲಂಡನ್ನಿನಲ್ಲಿ ಇಬ್ರಾಹಿಂ ಮಮ್ದಾನಿಯವರು ‘ಒತ್ತಡ ತುಸು ಹೆಚ್ಚಾದರೆ ಶಾಖವನ್ನು ತುಸು ಇಳಿಸು’ ಎಂಬಂಥ ನಿಯಮಗಳಿಂದಲೇ ಉಗಿಯಂತ್ರವೊಂದನ್ನು ನಡೆಸಿ ತೋರಿಸಿದರು.

ಜಪಾನಿನಲ್ಲಿ ಈ ಪದಕ್ಕೆ ಇಂಗ್ಲಿಷಿನ ಕಳಂಕ ಅಂಟಿರಲಿಲ್ಲ. 1987ರಲ್ಲಿ ಆರಂಭವಾದ ಸೆಂಡೈ ನಗರದ ಸುರಂಗ ರೈಲನ್ನು ಹಿಟಾಚಿಯ ಫಜಿ ನಿಯಂತ್ರಕ ನಡೆಸಿತು. ರೈಲು ಕುಲುಕದೆ ನಿಲ್ಲುತ್ತಿತ್ತು. 1990ರಲ್ಲಿ ಅಲ್ಲಿ ವರ್ಷದ ಹೊಸ ಪದಗಳಿಗೆ ನೀಡುವ ಬಹುಮಾನವನ್ನು ‘ಫಜಿ’ ಪಡೆಯಿತು. ಒಗೆಯುವ ಯಂತ್ರವೂ ಆಗಲೇ ಮಾರುಕಟ್ಟೆಗೆ ಬಂತು. ಅದು ನೀರಿನೊಳಗೆ ಬೆಳಕು ಹಾಯಿಸಿ, ಕೊಳೆ ಎಷ್ಟರಮಟ್ಟಿಗಿದೆ ಎಂದು ಅಳೆದು, ಇನ್ನೆಷ್ಟು ಹೊತ್ತು ತಿರುಗಬೇಕೆಂದು ತಾನೇ ತೀರ್ಮಾನಿಸುತ್ತಿತ್ತು.