ಒಂದು ಹೆಸರಿನ ಚರಿತ್ರೆ

ಕಳೆದ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ಅಕ್ಕನ ಮಗ ಅಂಗೈಯಗಲದ ಆಟದ ಯಂತ್ರವೊಂದನ್ನು ಹಿಡಿದು, ಊಟಕ್ಕೆ ಕರೆದರೂ ಓಗೊಡದೆ ಕುಳಿತಿದ್ದ. “ಥೇಟ್ ಅಪ್ಪನ ಹಾಗೆಯೇ” ಎಂದು ಗದರಿಸಲು ಹೋದೆ. ಸಾಲ ಮಾಡಿ ಮನೆ ಬಿಟ್ಟುಹೋದವನು ಅವನಪ್ಪ. ನಮ್ಮ ಮನೆಯಲ್ಲಿ ಆ ಮಾತು ಸಣ್ಣ ಬೈಗುಳವಲ್ಲ. ಅಷ್ಟರಲ್ಲಿ ಹುಡುಗ, “ತಾಳಿ ಮಾವ, ಡ್ರಾಕುಲಾ ಯಾರೆಂದು ಈಗ ತಿಳಿಯುತ್ತದೆ” ಎಂದ. ಆ ಹೆಸರು ಕೇಳಿ ನಾನೂ ಪಕ್ಕದಲ್ಲಿ ಕುಳಿತೆ.

ಆ ಹೆಸರಿಗೆ ದೊಡ್ಡ ಚರಿತ್ರೆಯಿದೆ. 1431ರಲ್ಲಿ ಹಂಗೇರಿಯ ದೊರೆ ಸಿಗಿಸ್ಮಂಡನು ವಲಾಕಿಯದ ವ್ಲಾಡ್ ಎಂಬವನನ್ನು ತನ್ನ ‘ಡ್ರ್ಯಾಗನ್’ ಸಂಘಕ್ಕೆ ಸೇರಿಸಿಕೊಂಡನು. ಅದರಿಂದ ಅವನು ‘ಡ್ರಾಕುಲ್’ ಎನಿಸಿದ. ಅವನ ಮಗ ‘ಡ್ರಾಕುಲಾ’. ತಂದೆಗೆ ಬಂದ ಬಿರುದು ಮಗನ ಹೆಸರಾಯಿತು, ಅಷ್ಟೆ. ಈ ಮಗ ತುರ್ಕರೊಡನೆ ಹೋರಾಡಿದ, ಹಗೆಗಳನ್ನು ಶೂಲಕ್ಕೇರಿಸಿದ. ಅವನ ಕ್ರೌರ್ಯ ಸುಳ್ಳಲ್ಲ. ಆಗಷ್ಟೆ ಹುಟ್ಟಿದ್ದ ಅಚ್ಚಿನ ಯಂತ್ರ ಅದನ್ನು ಜರ್ಮನ್ ಕರಪತ್ರಗಳಲ್ಲಿ ಊರೂರಿಗೆ ಹರಡಿತು. ಕಾಲಕ್ರಮದಲ್ಲಿ ಅವರ ನುಡಿಯಲ್ಲಿ ಆ ಶಬ್ದಕ್ಕೆ ‘ಪಿಶಾಚಿ’ ಎಂಬ ಅರ್ಥವೇ ನಿಂತಿತು. 1890ರಲ್ಲಿ ಬ್ರಾಮ್ ಸ್ಟೋಕರ್ ಹಳೆಯ ಪುಸ್ತಕವೊಂದರಲ್ಲಿ ಈ ಅರ್ಥವನ್ನು ಕಂಡ. ಟ್ರಾನ್ಸಿಲ್ವೇನಿಯವನ್ನು ಎಂದೂ ಕಾಣದೆಯೇ, 1897ರಲ್ಲಿ ನೆತ್ತರು ಹೀರುವ ಡ್ರಾಕುಲಾನನ್ನು ಕಾದಂಬರಿಯಲ್ಲಿ ನಿಲ್ಲಿಸಿದ. ಜಪಾನಿನ ಕೊನಾಮಿ ಸಂಸ್ಥೆ 1986ರಲ್ಲಿ ಅವನ ಕೋಟೆಯನ್ನು ಆಟವಾಗಿಸಿತು. ಅದೇ ‘ಕ್ಯಾಸಲ್‌ವೇನಿಯ’.

ಹುಡುಗ ಆಡುತ್ತಿದ್ದುದು ಆ ಮಾಲೆಯಲ್ಲಿ 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ‘ಏರಿಯ ಆಫ್ ಸಾರೋ’. ಕತೆ ನಡೆಯುವುದು 2035ರಲ್ಲಿ. ಸೂರ್ಯಗ್ರಹಣದೊಳಗೆ ಅಡಗಿದ ಕೋಟೆಯಲ್ಲಿ ಸೋಮ ಕ್ರೂಜ್ ಎಂಬ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ಕೊಂದ ಪಿಶಾಚಿಗಳ ಆತ್ಮ ಅವನನ್ನು ಸೇರಿ, ಅವುಗಳ ಶಕ್ತಿ ಅವನದಾಗುತ್ತದೆ. ತಾನೇ ಡ್ರಾಕುಲಾನ ಮರುಹುಟ್ಟೆಂದು ಗ್ರಹಾಂ ಎಂಬವನು ಮೆರೆಯುತ್ತಾನೆ. ಅವನು ಸೋತ ಮೇಲೆ ನಿಜ ಬಯಲಾಗುತ್ತದೆ: ಆ ಮರುಹುಟ್ಟು ಸೋಮನೇ!

ಹುಡುಗನ ಬೆರಳು ನಿಂತಿತು. “ಹಾಗಾದರೆ ಇವನೂ ಕೆಟ್ಟವನೇನು, ಮಾವ?”

ನಾನು ಮಾತಾಡಲಿಲ್ಲ. ಆಟವೇ ಉತ್ತರ ಕೊಟ್ಟಿತು. ತಾನು ಡ್ರಾಕುಲಾ ಆಗಿಬಿಟ್ಟರೆ ಕೊಲ್ಲಬೇಕೆಂದು ಡ್ರಾಕುಲಾನ ಹಗೆಯ ವಂಶದ ಜೂಲಿಯಸ್‌ನಿಂದ ಮಾತು ಪಡೆದು, ಸೋಮ ಆ ಕೇಡಿನ ಮೂಲವನ್ನೇ ಇದಿರಿಸಹೊರಟ. ಹುಡುಗ ಎರಡು ಸಲ ಸೋತು ಮೂರನೆಯ ಸಲ ಗೆದ್ದ. ಸೋಮ ಸೋಮನಾಗಿಯೇ ಹಿಂದಿರುಗಿದ.

ತಂದೆಯಿಂದ ಬಂದ ಹೆಸರನ್ನು ಲೋಕ ಪಿಶಾಚಿಯ ಹೆಸರಾಗಿಸಲು ನಾಲ್ಕು ಶತಮಾನ ಹಿಡಿಯಿತು. ನಮ್ಮ ಮನೆಯಲ್ಲಿ ನನ್ನ ಒಂದು ಮಾತು ಸಾಕಾಗಿತ್ತು. “ಏಳಪ್ಪ, ಸಾರು ಆರುತ್ತದೆ” ಎಂದೆ. ಆಡಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು.