ಮಲೇರಿಯ ಜೀವಿಯ ಏಕಪ್ರತಿ

೧೮೯೭ನೆಯ ಇಸವಿ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯ ಜೀವಿಯನ್ನು ಕಂಡರು. ಅದು ಸಂಚರಿಸುವ ದಾರಿಯ ಸುಳಿವು ಅಂದು ದೊರೆಯಿತು. ಅದರ ಒಡಲೊಳಗಣ ಬರಹವನ್ನು ಓದಲು ಮತ್ತೆ ೧೦೫ ವರ್ಷಗಳು ಹಿಡಿದುವು.

ಮಲೇರಿಯ ಜೀವಿಗಳಲ್ಲಿ ಅತ್ಯಂತ ಮಾರಕವಾದ ಪ್ಲಾಸ್ಮೋಡಿಯಮ್ ಫಾಲ್ಸಿಪೇರಮ್ಮಿನ ಜೀನೋಮ್ ೨೦೦೨ರ ಅಕ್ಟೋಬರ್ ೩ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ೧೪ ವರ್ಣತಂತುಗಳು, ಸುಮಾರು ೨.೩ ಕೋಟಿ ಅಕ್ಷರಗಳು, ೫,೩೦೦ರಷ್ಟು ಜೀನುಗಳು. ೧೯೯೬ರಲ್ಲಿ ಆರಂಭವಾದ ಈ ಕಾರ್ಯವನ್ನು ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯೂ ಅಮೆರಿಕದ ಎರಡು ಸಂಸ್ಥೆಗಳೂ ವರ್ಣತಂತುಗಳನ್ನು ಹಂಚಿಕೊಂಡು ನಡೆಸಿದುವು.

ಡಿ.ಎನ್.ಎ.ಯನ್ನು ಚೂರುಚೂರಾಗಿ ಓದಿ, ಚೂರುಗಳ ಅಂಚುಗಳಲ್ಲಿರುವ ಸಮಾನಪಾಠವನ್ನು ಹಿಡಿದು ಅವನ್ನು ಜೋಡಿಸುವುದೇ ಇಲ್ಲಿಯ ಕ್ರಮ. ಆದರೆ ಎ, ಟಿ, ಜಿ, ಸಿ ಎಂಬ ನಾಲ್ಕಕ್ಷರಗಳಲ್ಲಿ ಎ, ಟಿ ಎಂಬೆರಡೇ ಈ ಬರಹದಲ್ಲಿ ನೂರಕ್ಕೆ ೮೦ರಷ್ಟನ್ನು ಆಕ್ರಮಿಸಿವೆ. ಓಲೆಗರಿಯ ಕಟ್ಟು ಕಳಚಿ, ಪತ್ರಾಂಕಗಳಳಿದು, ಗರಿಗರಿಯಲ್ಲಿಯೂ ಅವೆರಡಕ್ಷರಗಳೇ ಕಿಕ್ಕಿರಿದಿದ್ದರೆ ಸಂಪಾದಕನ ಪಾಡೇನಾದೀತು! ಇದಲ್ಲದೆ ಈ ಡಿ.ಎನ್.ಎ.ಯ ದೊಡ್ಡ ತುಂಡುಗಳು ಬ್ಯಾಕ್ಟೀರಿಯದಲ್ಲಿ ಸ್ಥಿರವಾಗಿ ನಿಲ್ಲಲೊಲ್ಲವು. ಆದಕಾರಣ ವಿದ್ಯುತ್ತಿನ ಸಹಾಯದಿಂದ ವರ್ಣತಂತುಗಳನ್ನೇ ಗಾತ್ರಾನುಸಾರವಾಗಿ ಬೇರ್ಪಡಿಸಿ, ಒಂದೊಂದನ್ನೂ ಸಣ್ಣಗೆ ಒಡೆದು ಓದಬೇಕಾಯಿತು. ೬, ೭, ೮ನೆಯವು ಹೆಚ್ಚುಕಡಮೆ ಒಂದೇ ಗಾತ್ರದವು. ಅವನ್ನು ಒಂದೇ ಕಟ್ಟಾಗಿ ಓದಿದರು.

ಈ ಪರಿಶ್ರಮ ಸ್ತುತ್ಯವಾದುದು. ಆದರೂ ಇದನ್ನು ಮಲೇರಿಯ ಜೀವಿಯ ಸಿದ್ಧಪಾಠವೆಂದು ಒಪ್ಪಲಾಗದು. ಇದು ಏಕಪ್ರತಿಯನ್ನಾಶ್ರಯಿಸಿದ ಮುದ್ರಣ. ಹಾಲೆಂಡಿನ ವಿಮಾನನಿಲ್ದಾಣದ ಬಳಿ ವಾಸವಾಗಿದ್ದ ರೋಗಿಯೊಬ್ಬನಿಂದ ದೊರೆತ ತಳಿಯ '೩ಡಿ೭' ಎಂಬ ಕವಲೇ ಆ ಪ್ರತಿ. ಅಂದು ತೋರಿದ ಜೀನುಗಳಲ್ಲಿ ಐದರಲ್ಲಿ ಮೂರು ಪಾಲಿನವುಗಳ ಕಾರ್ಯವೂ ತಿಳಿದಿರಲಿಲ್ಲ. ಏಕಪ್ರತಿಯ ದೋಷ ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವುದು ವರ್ಣತಂತುಗಳ ಕೊನೆಗಳಲ್ಲಿ. 'ವಾರ್' ಎಂಬ ಸುಮಾರು ೬೦ ಜೀನುಗಳಲ್ಲಿ ಬಹುಪಾಲು ಅಲ್ಲಿಯೇ ಇವೆ. ಸೋಂಕಿದ ರಕ್ತಕಣದ ಮೈಮೇಲೆ ತೋರುವ ಪ್ರೋಟೀನನ್ನು ನಿರ್ಮಿಸುವುವು ಇವು. ಒಂದನ್ನು ಬಿಟ್ಟು ಇನ್ನೊಂದನ್ನು ತೊಡುತ್ತ ರೋಗಾಣು ದೇಹದ ರಕ್ಷಣಾಶಕ್ತಿಯನ್ನು ವಂಚಿಸುವುದು. ತಳಿಯಿಂದ ತಳಿಗೆ ಪಾಠಾಂತರಗಳು ವಿಪರೀತವಾಗಿರುವುದೂ ಇಲ್ಲಿಯೇ. ಒಂದು ಪ್ರತಿಯನ್ನು ನಂಬಿ ಲಸಿಕೆ ರಚಿಸುವವನು ಬೇರೊಂದು ಪ್ರತಿಯಿಂದ ಮೋಸಹೋಗುವ ಸಂಭವವುಂಟು.

ಪ್ರತ್ಯಂತರಗಳ ಸಂಗ್ರಹ ಆಮೇಲೆ ನಡೆದಿದೆ. ೨೦೨೩ರಲ್ಲಿ ಪ್ರಕಟವಾದ ಸಂಚಯದಲ್ಲಿ ೩೩ ದೇಶಗಳ ೨೦,೦೦೦ಕ್ಕೂ ಮಿಕ್ಕ ಮಾದರಿಗಳಿವೆ. ಅದರಲ್ಲಿಯೂ ಆ ಕೊನೆಗಳ ಪಾಠವನ್ನು ವಿಶ್ವಾಸಾರ್ಹವಲ್ಲವೆಂದು ಬಹುಮಟ್ಟಿಗೆ ಬದಿಗಿರಿಸಿದ್ದಾರೆ.