ಗೌರಿಬಿದನೂರು ಸೀಮೆಯ ಪರೀಕ್ಷಾರ್ಥಿಯೂ ಆಂಗ್ಲ ಪದಸಂಪತ್ತೂ

ಇಂಗ್ಲಿಷಿನ ಕಠಿನ ಪದಗಳನ್ನು ಪರೀಕ್ಷೆಗಾಗಿ ಸಂಗ್ರಹಿಸುವ ಪರಿಪಾಠವು ವಿದೇಶೀ ವಿಶ್ವವಿದ್ಯಾನಿಲಯಗಳ ಪ್ರವೇಶಕ್ಕೆ ಬೇಕಾದ ಜಿ.ಆರ್.ಇ. ಮೊದಲಾದ ಪರೀಕ್ಷೆಗಳೊಡನೆ ಹುಟ್ಟಿತೆಂದು ಹಲವರು ಭಾವಿಸುತ್ತಾರೆ. ನಮ್ಮ ಸೀಮೆಯ ಮಟ್ಟಿಗೆ ಈ ಭಾವನೆ ಸಾಧುವಲ್ಲ. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳೇ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಉದಯಿಸುವವರೆಗೆ, ಮೈಸೂರು ಸಂಸ್ಥಾನದವರಿಗೆ ಉನ್ನತ ವಿದ್ಯೆಯ ಹೆಬ್ಬಾಗಿಲಾಗಿದ್ದುವು. ಆ ಬಾಗಿಲಿನ ಭಾಷೆ ಇಂಗ್ಲಿಷು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದದ್ದು ಆ ಮಾರ್ಗವಾಗಿಯೇ. ಇನ್ನು ಪದಗಳನ್ನು ಕಂಠಪಾಠ ಮಾಡುವುದಂತೂ ಅಮರಕೋಶವನ್ನು ಉರುಹಾಕಿದ ನಾಡಿಗೆ ಹೊಸದೇನಲ್ಲ.

ಆದರೆ ವಿದ್ಯಾರ್ಥಿಯ ಕೈಗೆ ದೊರೆತ ಉಪಕರಣ ಯಾವುದು? ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದುವು. ಕಿಟ್ಟೆಲ್ ಅವರ ಮಹಾಕೃತಿ ಹೊರಬಂದದ್ದು 1894ರಲ್ಲಿ. ಇವು ಮುಖ್ಯವಾಗಿ ಕನ್ನಡವನ್ನು ಅರಿಯಹೊರಟ ಪರದೇಶದವನ ಅಗತ್ಯವನ್ನು ಪೂರೈಸಿದುವೇ ಹೊರತು ಇಂಗ್ಲಿಷನ್ನು ಅರಿಯಬೇಕಾದ ನಮ್ಮ ಹುಡುಗನದನ್ನಲ್ಲ. ಬಾಸೆಲ್ ಮಿಷನ್ನಿನ ಜೀಗ್ಲರ್ ಅವರ ಶಾಲಾ ನಿಘಂಟು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದದ್ದು 1946ರಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಕಾಲ್ನಡಿಗೆಯಿಂದಲೇ ಬೆಂಗಳೂರನ್ನು ಸೇರಿ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿಯಾದಾಗ ಆ ಗ್ರಂಥವಿನ್ನೂ ಹೊರಬಂದಿರಲಿಲ್ಲ. ಅವರೇ 1960ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

ಇಲ್ಲಿ ಗಮನಿಸತಕ್ಕ ವಿಷಯ ಇನ್ನೊಂದುಂಟು. ಆಂಧ್ರದ ಗಡಿಗೆ ತಾಗಿದ ಈ ಸೀಮೆಯಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಇಂಗ್ಲಿಷು ಮೂರನೆಯದು. ಇದನ್ನು ಹೊರೆಯೆಂದೇ ಎಣಿಸುವುದು ವಾಡಿಕೆ. ನಾವು ಇದನ್ನು ಬಂಡವಾಳವೆಂದು ಎಣಿಸುತ್ತೇವೆ. ‘ಫ್ರೂಗಲ್’ ಮತ್ತು ‘ಪಾರ್ಸಿಮೋನಿಯಸ್’ ಎಂಬೆರಡು ಪದಗಳನ್ನು ತೆಗೆದುಕೊಳ್ಳೋಣ. ಪಟ್ಟಿಯನ್ನು ಉರುಹೊಡೆದವನಿಗೆ ಎರಡೂ ‘ಕಡಮೆ ಖರ್ಚು ಮಾಡುವವನು’ ಎಂದೇ ತೋರುವುದು. ಆದರೆ ಮನೆಯಲ್ಲಿ ಪೊದುಪು ಬೇರೆ, ಪಿಸಿನಾರಿತನ ಬೇರೆ ಎಂದೂ, ಶಾಲೆಯಲ್ಲಿ ಮಿತವ್ಯಯ ಬೇರೆ, ಜಿಪುಣತನ ಬೇರೆ ಎಂದೂ ಬಲ್ಲ ಬಾಲಕನಿಗೆ ಮೊದಲನೆಯ ಪದ ಹೊಗಳಿಕೆ, ಎರಡನೆಯದು ನಿಂದೆ ಎಂದು ಒಂದೇ ಮಾತಿನಲ್ಲಿ ತಿಳಿಸಬಹುದು. ಅವನು ಹೊಸದಾಗಿ ಕಲಿಯಬೇಕಾದದ್ದು ಧ್ವನಿಯನ್ನು ಮಾತ್ರ. ಅರ್ಥಭೇದವು ಅವನಲ್ಲಿ ಆಗಲೇ ಇದೆ.

ಪರೀಕ್ಷೆಯೂ ಈಗ ಈ ಭೇದವನ್ನೇ ಕೇಳುತ್ತಿದೆ. 2011ರಲ್ಲಿ ಜಿ.ಆರ್.ಇ. ಪರೀಕ್ಷೆಯಿಂದ ವಿರುದ್ಧಾರ್ಥಕ ಪದಗಳ ಪ್ರಶ್ನೆಯನ್ನೂ ಸಾದೃಶ್ಯದ ಪ್ರಶ್ನೆಯನ್ನೂ ಕೈಬಿಡಲಾಯಿತು. ವಾಕ್ಯದೊಳಗಿನ ಒಂದು ತೆರಪಿಗೆ ಆರು ಪದಗಳನ್ನು ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥವನ್ನು ತರುವ ಎರಡನ್ನು ಆರಿಸೆನ್ನುವ ಪ್ರಶ್ನೆ ಸೇರಿತು. ಹೀಗಿದ್ದೂ ಒಂದು ಇಂಗ್ಲಿಷ್ ಪದಕ್ಕೆ ಎದುರಾಗಿ ಇನ್ನೊಂದು ಇಂಗ್ಲಿಷ್ ಪದವನ್ನಷ್ಟೆ ಬರೆದ ಪಟ್ಟಿಗಳನ್ನು ನಮ್ಮ ವಿದ್ಯಾರ್ಥಿಗಳು ಬಿಟ್ಟಿಲ್ಲ. ಆ ಪಟ್ಟಿಯ ಅಂಚಿನಲ್ಲಿ ಕನ್ನಡದ, ಇಲ್ಲವೆ ತೆಲುಗಿನ, ಒಂದು ಮಾತನ್ನು ಬರೆದುಕೊಳ್ಳಲು ಅವರು ನಾಚುವುದನ್ನು ನಾವು ಕಂಡಿದ್ದೇವೆ.